ಎದುರಾಳಿಯ ಊರಿಗೇ ಹೋಗಿ ರಿಂಗ್ ಹತ್ತುವ ಬಾಕ್ಸರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಬಾಕ್ಸಿಂಗ್ ಕಲಿಯುವವರು ಕಡಿಮೆ. ಚಿತ್ರದುರ್ಗದಲ್ಲೂ ಅಷ್ಟೇ. ಹಾಗಾಗಿ ಇಲ್ಲಿಯ ಮಕ್ಕಳಿಗೆ ಒಳ್ಳೆಯ ಎದುರಾಳಿ ಬೇಕು ಅಂದ್ರೆ ಬೇರೆ ಊರಿಗೆ ಹೋಗಲೇಬೇಕು. ಅಲ್ಲಿ ಕೂತಿರುವ ಜನ ಅವರ ಕಡೆಯವರು, ಚಪ್ಪಾಳೆಯೂ ಅವರದ್ದೇ. ಕಲಿಯುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ರಾತ್ರಿ ಎದ್ದು ಕೂತು ಫೈಟ್ ನೋಡುವ ಅಭಿಮಾನಿಗಳು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ.

ದೊಡ್ಡ ದೊಡ್ಡ ಬಾಕ್ಸರ್‌ಗಳು ಎದುರಾಳಿಯ ಊರಿಗೆ ಯಾಕೆ ಹೋಗ್ತಾರೆ? ತಮ್ಮ ಊರಿಗೇ ಕರೆಸಬಹುದಲ್ವಾ?

ಕರೆಸುವ ಶಕ್ತಿ ಎಲ್ಲರಿಗೂ ಇರೋದಿಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಫೈಟ್ ಎಲ್ಲಿ ನಡೆಯಬೇಕು ಅನ್ನೋದನ್ನು ದುಡ್ಡು ತೀರ್ಮಾನ ಮಾಡುತ್ತದೆ. ಯಾರ ಹೆಸರಿಗೆ ಟಿಕೆಟ್ ಜಾಸ್ತಿ ಮಾರಾಟ ಆಗುತ್ತದೋ, ಯಾರ ದೇಶದ ಟಿವಿ ಹೆಚ್ಚು ಹಣ ಕೊಡುತ್ತದೋ, ಫೈಟ್ ಆ ಕಡೆ ಹೋಗುತ್ತದೆ. ಎರಡೂ ಕಡೆಯವರು ಒಪ್ಪಂದಕ್ಕೆ ಬರದಿದ್ದರೆ ಪ್ರಶಸ್ತಿ ಕೊಡುವ ಸಂಸ್ಥೆ ಹರಾಜಿನ ಥರ ಬಿಡ್ ಕರೆಯುತ್ತದೆ. ಹೆಚ್ಚು ಮೊತ್ತ ಬರೆದ ಪ್ರಮೋಟರ್, ಅಂದ್ರೆ ಫೈಟ್ ಏರ್ಪಡಿಸುವವರು, ಜಾಗ ಆರಿಸುತ್ತಾರೆ. ಸವಾಲು ಹಾಕುವವನ ಮುಂದೆ ಆಗ ಉಳಿಯೋದು ಎರಡೇ ದಾರಿ: ಅಲ್ಲಿಗೆ ಹೋಗೋದು, ಇಲ್ಲಾ ಅವಕಾಶ ಬಿಡೋದು.

ಒಮ್ಮೊಮ್ಮೆ ತವರೇ ಬಾಗಿಲು ಮುಚ್ಚುವುದೂ ಉಂಟು. 1966ರಲ್ಲಿ ಮುಹಮ್ಮದ್ ಅಲಿ ವಿಶ್ವ ಹೆವಿವೇಟ್ ಚಾಂಪಿಯನ್. ವಿಯೆಟ್ನಾಂ ಯುದ್ಧದ ಬಗ್ಗೆ ಅವರು ಆಡಿದ ಮಾತಿಗೆ ಅಮೆರಿಕದಲ್ಲಿ ಎಷ್ಟು ಸಿಟ್ಟು ಬಂತು ಅಂದ್ರೆ, ಅವರ ಫೈಟ್ ನಡೆಸಲು ಊರೂರೂ ಹಿಂದೇಟು ಹಾಕಿದವು. ಅಲಿ ಸುಮ್ಮನೆ ಕೂರಲಿಲ್ಲ. ಮಾರ್ಚ್‌ನಲ್ಲಿ ಕೆನಡಾದ ಟೊರಾಂಟೊಗೆ ಹೋಗಿ ಅಲ್ಲಿಯವರೇ ಆದ ಜಾರ್ಜ್ ಚುವಾಲೊ ಜೊತೆ 15 ರೌಂಡ್ ಆಡಿ ಗೆದ್ದರು. ಮೇ ತಿಂಗಳಲ್ಲಿ ಲಂಡನ್‌ನ ಹೈಬರಿ ಫುಟ್‌ಬಾಲ್ ಮೈದಾನದಲ್ಲಿ ಹೆನ್ರಿ ಕೂಪರ್, ಆಗಸ್ಟ್‌ನಲ್ಲಿ ಮತ್ತೆ ಲಂಡನ್‌ನಲ್ಲೇ ಬ್ರಯಾನ್ ಲಂಡನ್, ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಲ್ ಮಿಲ್ಡೆನ್‌ಬರ್ಗರ್. ಒಂದೇ ವರ್ಷದಲ್ಲಿ ನಾಲ್ಕು ಸಲ ಎದುರಾಳಿಯ ಮನೆ ಅಂಗಳದಲ್ಲಿ ಪ್ರಶಸ್ತಿ ಪಣಕ್ಕಿಟ್ಟು, ನಾಲ್ಕೂ ಸಲ ಉಳಿಸಿಕೊಂಡು ಬಂದರು. ಅಲಿ ಅಂದ ಕೂಡಲೇ ನಮ್ಮ ಜನ ಆಫ್ರಿಕಾದ ಕಿನ್ಶಾಸಾದಲ್ಲಿ ಅಮೆರಿಕದವರೇ ಆದ ಜಾರ್ಜ್ ಫೋರ್‌ಮನ್‌ನನ್ನು ಕೆಡವಿದ್ದನ್ನು ಹೇಳುತ್ತಾರೆ. ಅಲ್ಲಿ ಜನ ಅಲಿ ಕಡೆಯೇ ಇದ್ದರು. ಅಲಿಗೆ ಯಾರ ಬೆಂಬಲವೂ ಬೇಕಾಗಿರಲಿಲ್ಲ ಅನ್ನೋದು ಗೊತ್ತಾಗಬೇಕು ಅಂದ್ರೆ 1966ರ ಈ ನಾಲ್ಕು ಫೈಟ್ ನೋಡಬೇಕು.

ಊರಿನವನಿಗೆ ನಿಜವಾಗಿ ಅನುಕೂಲ ಇದೆಯಾ, ಇಲ್ಲಾ ಸೋತವರು ಹೇಳುವ ನೆಪನಾ?

ಇದೆ. ಮನೆ ಊಟ, ಗೊತ್ತಿರುವ ಹಾಸಿಗೆ, ಅಭ್ಯಾಸವಾದ ಹವೆ, ಇವೆಲ್ಲ ಅವನ ಕಡೆ. ಬಂದವನಿಗೆ ಪ್ರಯಾಣದ ಸುಸ್ತು. ವಿದೇಶ ಆದರೆ ಹಗಲು ರಾತ್ರಿಯೇ ಅದಲು ಬದಲು. ಮೆಕ್ಸಿಕೊ ಸಿಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳು ಗಾಳಿಗೆ ಮೈ ಒಗ್ಗಿಸಿಕೊಳ್ಳದೆ ಹೋದವನಿಗೆ ನಾಲ್ಕನೇ ರೌಂಡ್‌ಗೇ ಏದುಸಿರು. 1993ರಲ್ಲಿ ಅಮೆರಿಕದ ಗ್ರೆಗ್ ಹಾಗೆನ್ ಅಲ್ಲಿಯ ಅಜ್ಟೆಕಾ ಸ್ಟೇಡಿಯಂಗೆ ಹೋಗಿ ಹೂಲಿಯೊ ಸೀಸರ್ ಚಾವೇಜ್ ಎದುರು ನಿಂತಾಗ ನೋಡಲು ಬಂದಿದ್ದವರು 1.30 ಲಕ್ಷಕ್ಕೂ ಹೆಚ್ಚು ಜನ. ಚಾವೇಜ್ ಸೋಲಿಸಿದವರಲ್ಲಿ ಬಹಳ ಮಂದಿ ಟ್ಯಾಕ್ಸಿ ಡ್ರೈವರ್‌ಗಳು ಅಂತ ಹಾಗೆನ್ ಹಂಗಿಸಿದ್ದರು. ಅಷ್ಟೂ ಜನ ಅದನ್ನು ಕೇಳಿಸಿಕೊಂಡೇ ಬಂದಿದ್ದರು. ಮೊದಲ ರೌಂಡ್‌ನಲ್ಲೇ ಹಾಗೆನ್ ನೆಲಕ್ಕೆ ಬಿದ್ದರು, ಐದನೇ ರೌಂಡ್‌ನಲ್ಲಿ ರೆಫರಿ ಫೈಟ್ ನಿಲ್ಲಿಸಿದರು.

ಕಣ್ಣಿಗೆ ಕಾಣದ ಅನುಕೂಲಗಳೂ ಇವೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ರಿಂಗ್ ಇಷ್ಟೇ ಅಡಿ ಅಂತ ಒಂದೇ ಅಳತೆ ಇಲ್ಲ. ಸಾಮಾನ್ಯವಾಗಿ 16ರಿಂದ 24 ಅಡಿ ಒಳಗೆ ಇರುತ್ತದೆ. ಓಡಾಡಿ ಆಡುವ ಬಾಕ್ಸರ್‌ಗೆ ದೊಡ್ಡ ರಿಂಗ್ ಬೇಕು, ಮೈಮೇಲೆ ಬಿದ್ದು ಹೊಡೆಯುವವನಿಗೆ ಚಿಕ್ಕದು ಬೇಕು. ಕ್ಯಾನ್ವಾಸ್ ಕೆಳಗಿನ ಮೆತ್ತೆ ದಪ್ಪ ಇದ್ದರೆ ಕಾಲು ಹೂತಂತಾಗಿ ಓಡಾಡುವವನ ಮೀನಖಂಡ ಬೇಗ ಸೋಲುತ್ತದೆ. ಈ ಸಣ್ಣ ಸಣ್ಣ ವಿಷಯಗಳನ್ನು ಫೈಟ್ ನಡೆಸುವ ಊರಿನವರು ತಮಗೆ ಬೇಕಾದಂತೆ ಇಟ್ಟುಕೊಳ್ಳಲು ನೋಡುತ್ತಾರೆ. ಜಾಣ ತಂಡ ಇದನ್ನೆಲ್ಲ ಒಪ್ಪಂದದಲ್ಲೇ ಬರೆಸಿಕೊಳ್ಳುತ್ತದೆ.

ಇಂಗ್ಲೆಂಡಿನ ಕಾರ್ಲ್ ಫ್ರಾಕ್ ಮತ್ತು ಡೆನ್ಮಾರ್ಕಿನ ಮಿಕೆಲ್ ಕೆಸ್ಲರ್ ಎರಡು ಸಲ ಆಡಿದರು. 2010ರಲ್ಲಿ ಡೆನ್ಮಾರ್ಕಿನ ಹೆರ್ನಿಂಗ್‌ನಲ್ಲಿ ಆಡಿದಾಗ ಕೆಸ್ಲರ್ ಗೆದ್ದರು. 2013ರಲ್ಲಿ ಲಂಡನ್‌ನಲ್ಲಿ ಆಡಿದಾಗ ಫ್ರಾಕ್ ಗೆದ್ದರು. ಎರಡೂ ಜಡ್ಜ್‌ಗಳ ತೀರ್ಪಿನ ಮೇಲೆ ಬಂದ ಗೆಲುವುಗಳೇ. ಅಷ್ಟು ಸಮಬಲದವರ ನಡುವೆ ಊರು ಯಾವುದು ಅನ್ನೋದು ಲೆಕ್ಕಕ್ಕೆ ಬಾರದೇ ಇರುತ್ತದಾ? ನನಗೆ ಹಾಗೆ ಅನ್ನಿಸುವುದಿಲ್ಲ.

ಜಡ್ಜ್‌ಗಳು ಊರಿನವನ ಕಡೆ ವಾಲುತ್ತಾರಾ?

ಎಲ್ಲರಿಗಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರ ಉದ್ದ ಇದೆ.

ವಾಲಿದ ಉದಾಹರಣೆಗಳಿವೆ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಎದುರು ಆತಿಥೇಯ ಕೊರಿಯಾದ ಪಾರ್ಕ್ ಸಿ ಹನ್. ಮೂರೂ ರೌಂಡ್ ಜೋನ್ಸ್ ಹೊಡೆದದ್ದೇ ಹೊಡೆದದ್ದು. ಐದು ಜಡ್ಜ್‌ಗಳ ತೀರ್ಪು 3-2, ಪಾರ್ಕ್‌ಗೆ ಚಿನ್ನ. ರೆಫರಿ ಪಾರ್ಕ್ ಅವರ ಕೈ ಎತ್ತಿದಾಗ ಪಾರ್ಕ್‌ಗೇ ಮುಜುಗರ. ಅದೇ ಒಲಿಂಪಿಕ್ಸ್‌ನಲ್ಲಿ ಅತ್ಯುತ್ತಮ ಬಾಕ್ಸರ್‌ಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿ ಹೋಗಿದ್ದು ಫೈನಲ್ ಸೋತ ಜೋನ್ಸ್‌ಗೆ! ಆ ಗಲಾಟೆಯ ನಂತರವೇ ಅಂಕ ಕೊಡುವ ಪದ್ಧತಿ ಬದಲಾಗಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಿಂದ ಕಂಪ್ಯೂಟರ್ ಬಟನ್ ಒತ್ತುವ ವ್ಯವಸ್ಥೆ ಬಂತು. ಪಾರ್ಕ್ ಅವರ ಬಗ್ಗೆ ನನಗೆ ತುಂಬಾ ಗೌರವ. ಬೇರೆಯವರು ಮಾಡಿದ ತಪ್ಪನ್ನು ಅವರು ಜೀವನಪೂರ್ತಿ ಹೊತ್ತರು. ಕೊನೆಗೆ 2023ರಲ್ಲಿ ತಾವೇ ಅಮೆರಿಕದಲ್ಲಿ ಜೋನ್ಸ್ ಇರುವಲ್ಲಿಗೆ ಹೋಗಿ ಆ ಚಿನ್ನದ ಪದಕವನ್ನು ಅವರ ಕೈಗೆ ಕೊಟ್ಟರು.

ನಮ್ಮವರಿಗೂ ಹೀಗೇ ಆಗಿದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಸೆಮಿಫೈನಲ್‌ನಲ್ಲಿ ಮಣಿಪುರದ ಸರಿತಾ ದೇವಿ ಕೊರಿಯಾದ ಜಿನಾ ಪಾರ್ಕ್ ಅವರನ್ನು ಚೆನ್ನಾಗಿ ಹೊಡೆದರು. ತೀರ್ಪು ಕೊರಿಯಾದವರ ಕಡೆ ಬಂತು. ಪದಕ ಕೊಡುವ ದಿನ ಸರಿತಾ ಅಳುತ್ತಾ ತಮ್ಮ ಕಂಚನ್ನು ಜಿನಾ ಪಾರ್ಕ್ ಕೊರಳಿಗೇ ಹಾಕಿಬಿಟ್ಟರು. ಅದಕ್ಕೆ ಸಿಕ್ಕಿದ್ದು ಒಂದು ವರ್ಷದ ನಿಷೇಧ.

2017ರಲ್ಲಿ ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸ್ಥಳೀಯ ಜೆಫ್ ಹಾರ್ನ್‌ಗೆ ಸೋತಾಗಲೂ ಮೋಸ ಅಂತ ಪ್ರಪಂಚವೆಲ್ಲ ಕೂಗಿತು. ಪ್ರಶಸ್ತಿ ಕೊಡುವ ಸಂಸ್ಥೆಯಾದ ಡಬ್ಲ್ಯುಬಿಒ ಬೇರೆ ಜಡ್ಜ್‌ಗಳನ್ನು ಕೂರಿಸಿ ವಿಡಿಯೊ ತೋರಿಸಿ ಮತ್ತೆ ಲೆಕ್ಕ ಹಾಕಿಸಿತು. ಅವರೂ ಹಾರ್ನ್ ಗೆದ್ದರು ಅಂತಲೇ ಹೇಳಿದರು. ಹಾಗಾಗಿ ಕೂಗೆಲ್ಲ ಸತ್ಯವಲ್ಲ.

ಇದಕ್ಕೆ ಉಲ್ಟಾ ಆದದ್ದನ್ನೂ ಮಕ್ಕಳಿಗೆ ಹೇಳಬೇಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನೀತು ಘಂಘಸ್ ಮತ್ತು ಅಮಿತ್ ಪಂಘಲ್ ಇಬ್ಬರೂ ಫೈನಲ್‌ನಲ್ಲಿ ಇಂಗ್ಲೆಂಡಿನವರನ್ನೇ ಎದುರಿಸಿದರು. ಜನವೆಲ್ಲ ಇಂಗ್ಲೆಂಡಿನ ಕಡೆ. ಇಬ್ಬರೂ 5-0ಯಿಂದ ಚಿನ್ನ ಗೆದ್ದರು. ಐದಕ್ಕೆ ಐದೂ ಜಡ್ಜ್‌ಗಳು ನಮ್ಮವರ ಕಡೆ ಅಂಕ ಕೊಟ್ಟರು. ಅದೇ ಕೂಟದಲ್ಲಿ ಸಾಗರ್ ಅಹ್ಲಾವತ್ ಇಂಗ್ಲೆಂಡಿನ ಡೆಲಿಶಿಯಸ್ ಓರಿಗೆ ಸೋತರು. ಅಲ್ಲಿ ಮೋಸವೇನೂ ಇರಲಿಲ್ಲ, ಅವತ್ತು ಓರಿ ಚೆನ್ನಾಗಿ ಆಡಿದರು.

ಜಡ್ಜ್‌ಗಳೂ ಮನುಷ್ಯರು. ಊರಿನವನ ಪಂಚ್ ಬರೀ ಗ್ಲೌಸ್‌ಗೆ ತಗುಲಿದರೂ ಸಾವಿರ ಜನ 'ಹೋ' ಅನ್ನುತ್ತಾರೆ. ಬಂದವನ ಪಂಚ್ ನೇರ ಗದ್ದಕ್ಕೆ ಬಿದ್ದರೂ ಸಭೆ ಸುಮ್ಮನಿರುತ್ತದೆ. ಆ ಸದ್ದು ಕಿವಿಗೆ ಬೀಳದಂತೆ ಬರೀ ಕಣ್ಣಿಂದ ಅಂಕ ಹಾಕೋದು ಸುಲಭವಲ್ಲ. ಸಮ ಸಮ ಹೋದ ರೌಂಡ್ ಊರಿನವನಿಗೆ ಹೋಗಬಹುದು ಅಂತ ತಿಳಿದುಕೊಂಡೇ ರಿಂಗ್ ಹತ್ತಬೇಕು. ಹಾಗಾಗಿ ರೌಂಡ್ ಸಮ ಆಗಲು ಬಿಡಬಾರದು.

ಹಾಗಾದ್ರೆ ಎದುರಾಳಿ ಏಳದಂತೆ ಹೊಡೆದು ಕೆಡವೋದು, ಅಂದ್ರೆ ನಾಕೌಟ್ ಮಾಡೋದೊಂದೇ ದಾರಿನಾ?

ಅಮೆರಿಕದ ಮಾರ್ವಿನ್ ಹ್ಯಾಗ್ಲರ್ ಹಾಗೇ ನಂಬಿದ್ದರು. ಅದಕ್ಕೆ ಕಾರಣವೂ ಇತ್ತು. 1979ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ವೀಟೊ ಆಂಟುವೊಫರ್ಮೊ ಎದುರು ಅವರು ಗೆದ್ದರು ಅಂತ ನೋಡಿದವರಲ್ಲಿ ಬಹಳ ಜನ ಅಂದುಕೊಂಡಿದ್ದರು, ಜಡ್ಜ್‌ಗಳು ಡ್ರಾ ಅಂದರು. ಕೆಲವೇ ತಿಂಗಳಲ್ಲಿ ಇಂಗ್ಲೆಂಡಿನ ಆಲನ್ ಮಿಂಟರ್ ಲಾಸ್ ವೇಗಸ್‌ಗೇ ಹೋಗಿ ಆಂಟುವೊಫರ್ಮೊ ಅವರಿಂದ ಪ್ರಶಸ್ತಿ ಕಿತ್ತುಕೊಂಡು ಬಂದರು. ಹೊರಗೆ ಹೋಗಿ ಗೆದ್ದ ಮಿಂಟರ್ ಈಗ ತವರಿನ ಚಾಂಪಿಯನ್. 1980ರ ಸೆಪ್ಟೆಂಬರ್ 27ರಂದು ಹ್ಯಾಗ್ಲರ್ ಲಂಡನ್‌ನ ವೆಂಬ್ಲಿಗೆ ಹೋದರು.

ಮೂರೇ ರೌಂಡ್. ಹ್ಯಾಗ್ಲರ್ ಎಡಗೈ ಬಲಗೈ ಎರಡರಲ್ಲೂ ಹೊಡೆದು ಮಿಂಟರ್ ಮುಖ ಹರಿದುಹಾಕಿದರು. ಗಾಯ ನೋಡಿ ರೆಫರಿ ಫೈಟ್ ನಿಲ್ಲಿಸಿದರು. ಹ್ಯಾಗ್ಲರ್ ಖುಷಿಯಿಂದ ಮಂಡಿಯೂರಿದರು. ಅಷ್ಟರಲ್ಲಿ ಬಾಟಲಿ, ಬಿಯರ್ ಕ್ಯಾನ್ ರಿಂಗ್ ಮೇಲೆ ಬೀಳತೊಡಗಿದವು. ಅವರ ಕೋಚ್‌ಗಳಾದ ಪೆಟ್ರೊನೆಲ್ಲಿ ಸಹೋದರರು ಓಡಿಬಂದು ಮೈ ಅಡ್ಡ ಕೊಟ್ಟು ಮುಚ್ಚಿದರು. ವಿಶ್ವ ಚಾಂಪಿಯನ್ ಆದ ಮನುಷ್ಯನಿಗೆ ರಿಂಗ್ ಮಧ್ಯೆ ನಿಂತು ಬೆಲ್ಟ್ ಎತ್ತಿ ತೋರಿಸುವ ಸಂತೋಷ ಸಿಗಲಿಲ್ಲ. ಪೊಲೀಸರ ನಡುವೆ ತಲೆ ತಗ್ಗಿಸಿ ಡ್ರೆಸ್ಸಿಂಗ್ ರೂಮ್ ಸೇರಬೇಕಾಯಿತು. ಆಮೇಲೆ ಆ ಪ್ರಶಸ್ತಿಯನ್ನು ಅವರು 1987ರವರೆಗೆ ಬಿಟ್ಟುಕೊಡಲಿಲ್ಲ.

ಆದರೆ ನಾಕೌಟ್ ಇಲ್ಲದೆಯೂ ಗೆಲ್ಲಬಹುದು ಅಂತ ತೋರಿಸಿದವರು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಅವರ ಪ್ರಯಾಣದ ಪಟ್ಟಿ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. 2016ರಲ್ಲಿ ಪೋಲೆಂಡ್‌ಗೆ ಹೋಗಿ ಪೋಲೆಂಡಿನ ಗ್ಲೊವಾಟ್ಸ್ಕಿ ಹತ್ತಿರ ಮೊದಲ ವಿಶ್ವ ಪ್ರಶಸ್ತಿ ಗೆದ್ದರು. 2017ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಮಾರ್ಕೊ ಹುಕ್ ಅವರನ್ನು ಸೋಲಿಸಿದರು. 2018ರ ಜನವರಿಯಲ್ಲಿ ಲಾಟ್ವಿಯಾದ ರೀಗಾಗೆ ಹೋಗಿ ಅಲ್ಲಿಯ ಮೈರಿಸ್ ಬ್ರೀಡಿಸ್ ಜೊತೆ ಆಡಿದರು. ಇಬ್ಬರು ಜಡ್ಜ್ ಒಟ್ಟು ಅಂಕ 115-113 ಅಂತ ಉಸಿಕ್‌ಗೆ ಕೊಟ್ಟರು, ಮೂರನೆಯವರು ಸಮ ಅಂದರು. ಕೂದಲೆಳೆಯ ಗೆಲುವು, ಅದೂ ಬ್ರೀಡಿಸ್ ಊರಲ್ಲಿ. ಅದೇ ಜುಲೈನಲ್ಲಿ ಮಾಸ್ಕೋ. ರಷ್ಯಾ ಉಕ್ರೇನ್ ಸಂಬಂಧ ಕೆಟ್ಟುಹೋಗಿದ್ದ ಕಾಲದಲ್ಲಿ ಒಬ್ಬ ಉಕ್ರೇನಿನವ ಮಾಸ್ಕೋದಲ್ಲಿ ರಷ್ಯಾದ ಮುರಾತ್ ಗಸಿಯೇವ್ ಅವರನ್ನು 12 ರೌಂಡ್ ಆಡಿಸಿ ಸೋಲಿಸಿ, ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗವಾದ ಕ್ರೂಸರ್‌ವೇಟ್‌ನಲ್ಲಿ ನಾಲ್ಕು ಸಂಸ್ಥೆಗಳು ಕೊಡುವ ನಾಲ್ಕೂ ಬೆಲ್ಟ್ ಎತ್ತಿಕೊಂಡು ಹೋದರು. ಒಬ್ಬ ಜಡ್ಜ್‌ನ ಲೆಕ್ಕದಲ್ಲಿ ಗಸಿಯೇವ್‌ಗೆ ಒಂದು ರೌಂಡೂ ಸಿಗಲಿಲ್ಲ. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟೋನಿ ಬೆಲ್ಯೂ ನಾಕೌಟ್.

ಆಮೇಲೆ ಹೆವಿವೇಟ್‌ಗೆ ಏರಿದರು. 2021ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ಟಾಟನ್‌ಹ್ಯಾಮ್ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಆಂಟನಿ ಜೋಶುವಾ ಅವರನ್ನು ಅಂಕಗಳಲ್ಲಿ ಸೋಲಿಸಿದರು. 2025ರ ಜುಲೈನಲ್ಲಿ ಮತ್ತೆ ಲಂಡನ್, ಈ ಸಲ ವೆಂಬ್ಲಿ. ಡೇನಿಯಲ್ ಡುಬಾಯ್ ಐದನೇ ರೌಂಡ್‌ನಲ್ಲಿ ನಾಕೌಟ್. ಎಡಗೈ ಬಾಕ್ಸರ್ ಆದ ಉಸಿಕ್ ಆಟದಲ್ಲಿ ಕಾಲು ಒಂದು ಕ್ಷಣ ನಿಲ್ಲುವುದಿಲ್ಲ. ಬಹಳ ಸಲ ರೌಂಡ್‌ನ ಕೊನೆಯಲ್ಲಿ ಜೋರಾಗಿ ಪಂಚ್ ಹಾಕುತ್ತಾರೆ. ಜಡ್ಜ್ ಅಂಕ ಬರೆಯುವ ಹೊತ್ತಿಗೆ ಕಣ್ಣಲ್ಲಿ ಉಳಿಯೋದು ಅದೇ. ನಮ್ಮ ಮಕ್ಕಳು ಇದನ್ನು ಕಲಿಯಬಹುದು, ಇದಕ್ಕೆ ನಾಕೌಟ್ ಹೊಡೆಯುವ ತೋಳೇ ಬೇಕು ಅಂತಿಲ್ಲ.

ಈ ವಿಷಯದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ಉಸಿಕ್ ಹೆಸರನ್ನೇ ಬಹಳ ಜನ ಹೇಳುತ್ತಾರೆ. ನಾನು ಘಾನಾದ ಅಜುಮಾ ನೆಲ್ಸನ್ ಹೆಸರನ್ನು ಪಕ್ಕಕ್ಕೆ ಇಡುತ್ತೇನೆ. 1984ರಲ್ಲಿ ಪೋರ್ಟೊರಿಕೊದ ಸಾನ್ ಹ್ವಾನ್‌ಗೆ ಹೋಗಿ ಅಲ್ಲಿಯ ಜನರ ಕಣ್ಮಣಿ ವಿಲ್ಫ್ರೆಡೊ ಗೋಮೆಜ್ ಅವರನ್ನು 11ನೇ ರೌಂಡ್‌ನಲ್ಲಿ ಕೆಡವಿ ಪ್ರಶಸ್ತಿ ಗೆದ್ದರು. ಮರುವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ಯಾಟ್ ಕೌಡೆಲ್ ಒಂದೇ ರೌಂಡ್. 1991ರಲ್ಲಿ ಲಾಸ್ ವೇಗಸ್‌ನಲ್ಲಿ ಆಸ್ಟ್ರೇಲಿಯಾದ ಜೆಫ್ ಫೆನೆಕ್ ಜೊತೆ ಡ್ರಾ ಆಯಿತು. ಫೆನೆಕ್ ಗೆದ್ದಿದ್ದರು ಅಂತ ಆಸ್ಟ್ರೇಲಿಯಾ ಕುದಿಯುತ್ತಿತ್ತು. ಹಾಗಿರುವಾಗ 1992ರ ಮಾರ್ಚ್‌ನಲ್ಲಿ ನೆಲ್ಸನ್ ಮೆಲ್ಬರ್ನ್‌ಗೇ ಹೋದರು. ಬಯಲು ಮೈದಾನ, ಮಳೆ, ಕೂಗುವ ಜನ. ಎಂಟನೇ ರೌಂಡ್‌ನಲ್ಲಿ ಫೆನೆಕ್ ಕತೆ ಮುಗಿಯಿತು.

ಜಮೈಕಾದಲ್ಲಿ ಹುಟ್ಟಿದ ಗ್ಲೆನ್ ಜಾನ್ಸನ್ ಹೆಸರು ಇಲ್ಲಿ ಕಡಿಮೆ ಜನಕ್ಕೆ ಗೊತ್ತು. 'ರೋಡ್ ವಾರಿಯರ್' ಅಂತಲೇ ಅವರ ಅಡ್ಡಹೆಸರು. ಜರ್ಮನಿ, ಇಟಲಿ, ಇಂಗ್ಲೆಂಡ್ ಅಂತ ಕರೆದಲ್ಲಿಗೆಲ್ಲ ಹೋದರು, ಸೋತರು, ಮತ್ತೆ ಹೋದರು. 2003ರಲ್ಲಿ ಶೆಫೀಲ್ಡ್‌ನಲ್ಲಿ ಅಲ್ಲಿಯ ಕ್ಲಿಂಟನ್ ವುಡ್ಸ್ ಜೊತೆ ಡ್ರಾ ಆಯಿತು. ಮೂರು ತಿಂಗಳಲ್ಲಿ ಅದೇ ಶೆಫೀಲ್ಡ್‌ಗೆ ಮತ್ತೆ ಹೋಗಿ ವುಡ್ಸ್ ಅವರನ್ನು ಸೋಲಿಸಿ ವಿಶ್ವ ಪ್ರಶಸ್ತಿ ತಂದರು. ಅದೇ 2004ರಲ್ಲಿ ರಾಯ್ ಜೋನ್ಸ್ ಅವರನ್ನು ನಾಕೌಟ್ ಮಾಡಿದರು, ಆಂಟೋನಿಯೊ ಟಾರ್ವರ್ ಅವರನ್ನೂ ಸೋಲಿಸಿದರು. ಅಷ್ಟು ವರ್ಷ ಬೇರೆಯವರ ಊರಲ್ಲಿ ಅಲೆದ ಬಾಕ್ಸರ್ ಆ ವರ್ಷದ ಶ್ರೇಷ್ಠ ಬಾಕ್ಸರ್ ಅನ್ನಿಸಿಕೊಂಡರು.

ಸೋಲೋದಕ್ಕೇ ಹೋಗುವ ಬಾಕ್ಸರ್‌ಗಳೂ ಇದ್ದಾರಂತೆ. ಅದು ಮ್ಯಾಚ್ ಫಿಕ್ಸಿಂಗ್ ಅಲ್ವಾ?

ಅಲ್ಲ. ಅವರನ್ನು ಹಾಗೆ ಅನ್ನೋದು ಅನ್ಯಾಯ. ಬ್ರಿಟನ್ನಿನಲ್ಲಿ ಇಂಥವರನ್ನು ಜರ್ನಿಮನ್ ಅನ್ನುತ್ತಾರೆ. ಹೊಸ ಹುಡುಗನೊಬ್ಬ ತನ್ನ ಊರಲ್ಲಿ ಟಿಕೆಟ್ ಮಾರಿ ಸಭಾಂಗಣ ತುಂಬಿಸುತ್ತಾನೆ. ಅವನಿಗೆ ಎದುರಾಳಿ ಬೇಕಲ್ಲ? ಎರಡು ದಿನ ಇರುವಾಗ ಫೋನ್ ಬಂದರೂ ಜರ್ನಿಮನ್ ಬ್ಯಾಗ್ ಎತ್ತಿಕೊಂಡು ಹೊರಡುತ್ತಾನೆ. ನಾಲ್ಕು ರೌಂಡ್ ಆಡುತ್ತಾನೆ. ಬ್ರಿಟನ್ನಿನಲ್ಲಿ ಇಂಥ ಸಣ್ಣ ಫೈಟ್‌ಗಳ ಅಂಕ ಹಾಕೋದು ರೆಫರಿ ಒಬ್ಬರೇ. ಸೋಲು ಅಂತ ಬರೆಸಿಕೊಂಡು, ದುಡ್ಡು ತೆಗೆದುಕೊಂಡು ಅದೇ ರಾತ್ರಿ ಮನೆ ಸೇರುತ್ತಾನೆ.

ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 300 ಫೈಟ್ ಆಡಿ 256ರಲ್ಲಿ ಸೋತರು. ಆಮೇಲೆ ದೊಡ್ಡ ಚಾಂಪಿಯನ್ ಆದ ನಸೀಮ್ ಹಮೀದ್ ಕೂಡ ಚಿಕ್ಕವರಿದ್ದಾಗ ಇವರ ಎದುರು ಆಡಿ ಕಲಿತವರೇ. ಬಕ್ಲಿ ತಮ್ಮ 300ನೇ, ಕೊನೆಯ ಫೈಟನ್ನು 2008ರಲ್ಲಿ ತಮ್ಮೂರಲ್ಲೇ ಆಡಿದರು. ಅದನ್ನು ಗೆದ್ದರು. ಕ್ರಿಸ್ಟಿಯನ್ ಲೇಟ್ ಅನ್ನುವ ಇನ್ನೊಬ್ಬರು 300 ಫೈಟ್‌ನಲ್ಲಿ 279 ಸೋತರು, ಗೆದ್ದದ್ದು 12.

ಇವರ ಕೆಲಸದಲ್ಲಿ ದೊಡ್ಡ ವಿದ್ಯೆ ಇದೆ. ನಾಕೌಟ್ ಆದರೆ ವಾರಗಟ್ಟಲೆ ಆಡಲು ಬಿಡುವುದಿಲ್ಲ, ಹುಬ್ಬು ಒಡೆದರೂ ಹಾಗೇ. ಆಡದಿದ್ದರೆ ಮನೆ ನಡೆಯುವುದಿಲ್ಲ. ಹಾಗಾಗಿ ಪೆಟ್ಟು ತಪ್ಪಿಸಿಕೊಳ್ಳೋದು, ಕೈ ಕಟ್ಟಿಹಾಕೋದು, ಹಗ್ಗಕ್ಕೆ ಒರಗಿ ಉಸಿರು ತೆಗೆದುಕೊಳ್ಳೋದು, ಇದರಲ್ಲೆಲ್ಲ ಇವರು ಪಳಗಿದವರು. ಚಾಂಪಿಯನ್ ಆದವರ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆ ಚಾಂಪಿಯನ್‌ಗೆ ಮೊದಲ ಪಾಠ ಹೇಳಿದ ಇವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಅನ್ನೋದು ನನಗೆ ತುಂಬಾ ಬೇಸರ.

ನಮ್ಮ ದೇಶದವರು ಹೊರಗೆ ಹೋಗಿ ಹೇಗೆ ಆಡಿದ್ದಾರೆ?

ಮೇರಿ ಕೋಮ್ ಆರು ವಿಶ್ವ ಚಿನ್ನ ಗೆದ್ದರು. ಅದರಲ್ಲಿ 2006 ಮತ್ತು 2018ರದ್ದು ಮಾತ್ರ ದೆಹಲಿಯಲ್ಲಿ. ಉಳಿದ ನಾಲ್ಕು ಟರ್ಕಿ, ರಷ್ಯಾ, ಚೀನಾ, ಬಾರ್ಬಡೋಸ್‌ನಲ್ಲಿ. ನಮ್ಮ ಪಕ್ಕದ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದಾಗ ಮೊದಲ ಫೈಟ್ ಆಡಿದ್ದು ಮ್ಯಾಂಚೆಸ್ಟರ್‌ನಲ್ಲಿ. ಆದರೆ ಅವರ ಮೊದಲ ಸೋಲು ಭಾರತದಲ್ಲೇ ಬಂತು. 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ರಷ್ಯಾದ ಆರ್ಟಿಶ್ ಲೋಪ್ಸಾನ್ ಐದನೇ ರೌಂಡ್‌ನಲ್ಲಿ ಅವರನ್ನು ಸೋಲಿಸಿದರು. ಅವತ್ತು ಬೇರೆಯವರ ಊರಿಗೆ ಬಂದು ಗೆದ್ದವರು ಲೋಪ್ಸಾನ್. ನಮ್ಮವರು ಸೋತರು ಅಂತ ಬೇಜಾರಾದರೂ ಆ ಹುಡುಗನ ಧೈರ್ಯಕ್ಕೆ ಚಪ್ಪಾಳೆ ಹೊಡೆಯಲೇಬೇಕು.

ದಾವಣಗೆರೆ ಕುಸ್ತಿಯ ಊರು. ಇಲ್ಲಿಗೂ ಇದಕ್ಕೂ ಏನು ಸಂಬಂಧ?

ತುಂಬಾ ಇದೆ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿ ಜಾತ್ರೆ ಆದಾಗ ಬಯಲು ಜಂಗಿ ಕುಸ್ತಿ ನಡೆಯುತ್ತದೆ. ಬೆಳಗಾವಿ, ಧಾರವಾಡ, ಶಿವಮೊಗ್ಗ, ಕೊಲ್ಲಾಪುರದ ಕಡೆಯಿಂದೆಲ್ಲ ಪೈಲ್ವಾನರು ಬರುತ್ತಾರೆ. ಒಬ್ಬ ಹೊರಗಿನ ಪೈಲ್ವಾನ ಕಣಕ್ಕೆ ಇಳಿಯುವುದನ್ನು ಹತ್ತಿರದಿಂದ ನೋಡಿ. ಮೊದಲು ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ಒಂದು ಹಿಡಿ ಮಣ್ಣನ್ನು ಎದುರಾಳಿಯ ಮೈಗೆ ಹಾಕುತ್ತಾನೆ, ಹಿಡಿತ ಜಾರದಿರಲಿ ಅಂತ. ಸುತ್ತ ಹಲಗೆ ಸದ್ದು, ಶಿಳ್ಳೆ, ನಮ್ಮೂರ ಹುಡುಗನ ಹೆಸರು. ಅವನು ಯಾರ ಮುಖವನ್ನೂ ನೋಡುವುದಿಲ್ಲ, ಎದುರಾಳಿಯ ಮೊಣಕಾಲು ನೋಡುತ್ತಿರುತ್ತಾನೆ. ನಮ್ಮವನನ್ನು ಚಿತ್ ಮಾಡಿದರೆ ಅದೇ ಜನ ಎದ್ದು ಬಂದು ಅವನ ಕೈಗೆ ನೋಟು ಇಡುತ್ತಾರೆ. ಈ ಗುಣ ನಮ್ಮ ಊರಿಗಿದೆ. ಹೊರಗಿನಿಂದ ಬಂದು ಗೆದ್ದವನಿಗೆ ಇಲ್ಲಿ ಮರ್ಯಾದೆ ಸಿಗುತ್ತದೆ. ಬಾಕ್ಸಿಂಗ್ ನಡೆದರೂ ಹೀಗೇ ಇರಬೇಕು.

ಕುಸ್ತಿಗೂ ಬಾಕ್ಸಿಂಗ್‌ಗೂ ಒಂದು ವ್ಯತ್ಯಾಸ ಇದೆ. ಬೆನ್ನು ಮಣ್ಣಿಗೆ ತಾಗಿತು ಅಂದ್ರೆ ಸಾವಿರ ಜನ ನೋಡಿರುತ್ತಾರೆ, ವಾದವೇ ಇಲ್ಲ. ಬಾಕ್ಸಿಂಗ್‌ನಲ್ಲಿ ಬಹಳ ಸಲ ಗೆಲುವು ಇನ್ನೊಬ್ಬರ ಕಾಗದದಲ್ಲಿ ಇರುತ್ತದೆ. ಹೊರಗೆ ಹೋಗುವ ಬಾಕ್ಸರ್‌ಗೆ ಕಷ್ಟ ಜಾಸ್ತಿ ಆಗೋದು ಅಲ್ಲೇ.

ನಮ್ಮ ಹುಡುಗ ಮೊದಲ ಸಲ ಹೊರ ಊರಿಗೆ ಟೂರ್ನಿಗೆ ಹೊರಟಿದ್ದಾನೆ. ಏನು ಗಮನಿಸಬೇಕು?

ತೂಕ, ಎಲ್ಲಕ್ಕಿಂತ ಮೊದಲು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಆಡುವ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. ಇಲ್ಲಿ ಸರಿ ಇದ್ದ ತೂಕ ರೈಲಿನಲ್ಲಿ ಒಂದು ರಾತ್ರಿ ಕೂತು ಹೋದಮೇಲೆ ಏರಿರುತ್ತದೆ. ಹೊರಡುವ ವಾರ ಬೆಣ್ಣೆದೋಸೆ, ಮಿರ್ಚಿ ಮಂಡಕ್ಕಿ ಎರಡೂ ಬೇಡ. ಎಣ್ಣೆ ಉಪ್ಪು ಜಾಸ್ತಿ ಆದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಾಗಂತ ನೀರು ಬಿಟ್ಟು, ಉಪವಾಸ ಇದ್ದು, ಸ್ವೆಟರ್ ಹಾಕಿಕೊಂಡು ಓಡಿಸಿ ತೂಕ ಇಳಿಸೋದು ಮಕ್ಕಳ ವಿಷಯದಲ್ಲಿ ಅಪಾಯ. ಮೈಯಲ್ಲಿ ನೀರಿಲ್ಲದವನಿಗೆ ತಲೆಗೆ ಪೆಟ್ಟು ಬಿದ್ದರೆ ತೊಂದರೆ ಹೆಚ್ಚು. ಆ ತೂಕಕ್ಕೆ ಇಳಿಯಲು ಅಷ್ಟು ಕಷ್ಟ ಅಂದ್ರೆ ಮೇಲಿನ ವರ್ಗದಲ್ಲಿ ಆಡಿಸಿ.

ಊಟ ಗೊತ್ತಿರುವುದನ್ನೇ ಕೊಡಿ. ರೊಟ್ಟಿ, ಚಪಾತಿ, ಅನ್ನ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಎಲ್ಲ ಕಡೆ ಸಿಗುತ್ತದೆ. ಆಗುವುದಾದರೆ ಒಂದು ದಿನ ಮುಂಚೆ ತಲುಪಿ. ಸಂಜೆ ಹೋಗಿ ರಿಂಗ್ ನೋಡಿ, ಬಿಟ್ಟರೆ ಅದರ ಮೇಲೆ ನಡೆದಾಡಿಸಿ. ಎಲ್ಲಿ ಮೆತ್ತಗಿದೆ, ಹಗ್ಗ ಎಷ್ಟು ಬಿಗಿ ಇದೆ, ಲೈಟ್ ಯಾವ ಮೂಲೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ, ಇದೆಲ್ಲ ಮುಂಚೆಯೇ ಗೊತ್ತಿರಲಿ. ಹಲ್ಲಿನ ಗಾರ್ಡ್ ಎರಡು ಇಟ್ಟುಕೊಳ್ಳಿ. ವಯಸ್ಸಿನ ದಾಖಲೆ, ವೈದ್ಯರ ಸರ್ಟಿಫಿಕೇಟ್ ಮೂಲಪ್ರತಿ ಕೈಚೀಲದಲ್ಲೇ ಇರಲಿ, ಸೀಟಿನ ಕೆಳಗಿನ ದೊಡ್ಡ ಬ್ಯಾಗಲ್ಲಿ ಬೇಡ.

ಕೈಗೆ ಪಟ್ಟಿ ಸುತ್ತುವಾಗ ಎದುರು ತಂಡದವರು ಬಂದು ನಿಲ್ಲುತ್ತಾರಂತೆ, ಯಾಕೆ?

ವೃತ್ತಿಪರ ಫೈಟ್‌ಗಳಲ್ಲಿ ಇದು ಹಕ್ಕು. 2009ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದದ್ದನ್ನು ಕೇಳಿದರೆ ಕಾರಣ ಗೊತ್ತಾಗುತ್ತದೆ. ಮೆಕ್ಸಿಕೊದ ಆಂಟೋನಿಯೊ ಮಾರ್ಗರಿಟೊ ನೋಡಲು ಸಭಾಂಗಣ ಭರ್ತಿ. ಎದುರಾಳಿ ಶೇನ್ ಮೋಸ್ಲಿ. ಮೋಸ್ಲಿ ಅವರ ಕೋಚ್ ನಜೀಮ್ ರಿಚರ್ಡ್ಸನ್ ಎದುರಿನ ಡ್ರೆಸ್ಸಿಂಗ್ ರೂಮಿಗೆ ಹೋಗಿ ಪಟ್ಟಿ ಸುತ್ತೋದನ್ನು ನೋಡುತ್ತಾ ನಿಂತರು. ಏನೋ ಅನುಮಾನ ಬಂತು, ಬಿಚ್ಚಿಸಿ ಅಂದರು. ಬಿಚ್ಚಿದರೆ ಒಳಗಿನ ಬಟ್ಟೆಯಲ್ಲಿ ಪ್ಲಾಸ್ಟರ್ ಥರ ಗಟ್ಟಿಯಾಗುವ ವಸ್ತು! ತೆಗೆಸಿ ಹೊಸದಾಗಿ ಸುತ್ತಿಸಿದರು. ಮೋಸ್ಲಿ ಒಂಬತ್ತನೇ ರೌಂಡ್‌ನಲ್ಲಿ ಗೆದ್ದರು, ಮಾರ್ಗರಿಟೊ ಲೈಸೆನ್ಸ್ ರದ್ದಾಯಿತು.

ಸಂಕೋಚ ಪಟ್ಟುಕೊಂಡು ಹೊರಗೆ ನಿಂತಿದ್ದರೆ ಮೋಸ್ಲಿಗೆ ಏನಾಗುತ್ತಿತ್ತೋ. ಬೇರೆಯವರ ಊರಲ್ಲಿ ಮರ್ಯಾದೆಯಿಂದ ಇರಿ, ಆದರೆ ನೋಡಬೇಕಾದ್ದನ್ನು ನೋಡಿ, ಕೇಳಬೇಕಾದ್ದನ್ನು ಕೇಳಿ.

ಜನ ಕೂಗಿ ಹಂಗಿಸಿದರೆ ಮಗು ಹೆದರುತ್ತದೆ. ಏನು ಮಾಡೋದು?

ಗರಡಿಯಲ್ಲೋ ಜಿಮ್‌ನಲ್ಲೋ ಸ್ಪಾರಿಂಗ್, ಅಂದ್ರೆ ಅಭ್ಯಾಸದ ಫೈಟ್, ಮಾಡಿಸುವಾಗ ಜೊತೆಯ ಮಕ್ಕಳೆಲ್ಲ ಎದುರಾಳಿಯ ಹೆಸರನ್ನೇ ಕೂಗಲಿ. ಸ್ಪೀಕರ್‌ನಲ್ಲಿ ಗಲಾಟೆ ಹಾಕಿ. ಮೂಲೆಯಿಂದ ಕೋಚ್ ಮಾತು ಕೇಳಿಸುವುದಿಲ್ಲ ಅಂತ ಗೊತ್ತಾದಾಗ ಕೈಸನ್ನೆ ಕಲಿಸಬೇಕು. ನಾಲ್ಕೈದು ಸನ್ನೆ ಸಾಕು: ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾಕು, ಸುತ್ತು ಬಾ, ಕೈ ಮೇಲೆತ್ತು, ಮೈಗೆ ಹೊಡೆ. ಕೆಲವು ವಾರ ಹೀಗೆ ಮಾಡಿದರೆ ಸದ್ದು ಬರೀ ಸದ್ದಾಗುತ್ತದೆ.

ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಬಹುದಾ?

ಕಳಿಸಿ. ಜೊತೆಗೆ ಒಬ್ಬ ಮಹಿಳಾ ಕೋಚ್ ಅಥವಾ ಮ್ಯಾನೇಜರ್ ಇದ್ದಾರಾ, ಎಲ್ಲಿ ಉಳಿಯುತ್ತಾರೆ, ರಿಂಗ್ ಪಕ್ಕ ವೈದ್ಯರು ಇರುತ್ತಾರಾ ಅಂತ ಮೊದಲೇ ಕೇಳಿ. ಇದನ್ನು ಕೇಳೋದು ನಿಮ್ಮ ಹಕ್ಕು, ಯಾವ ಸಂಘಟಕರೂ ಬೇಸರ ಮಾಡಿಕೊಳ್ಳಬಾರದು. ಗಂಡುಮಕ್ಕಳ ವಿಷಯದಲ್ಲೂ ಇದೇ ಪ್ರಶ್ನೆ ಕೇಳಿ.

ತೀರ್ಪು ತಪ್ಪು ಅಂತ ಖಾತ್ರಿ ಇದ್ದರೆ?

ಬಾಕ್ಸರ್ ಮಾತಾಡಬಾರದು, ತಂಡದ ಮ್ಯಾನೇಜರ್ ಮಾತಾಡಬೇಕು. ನಿಯಮದಲ್ಲಿ ದೂರು ಕೊಡಲು ಸಮಯ ಇಷ್ಟೇ ಅಂತ ಇರುತ್ತದೆ, ಟೂರ್ನಿ ಶುರು ಆಗುವ ಮುಂಚೆಯೇ ಅದನ್ನು ಓದಿಕೊಂಡಿರಬೇಕು. ಫೋನಲ್ಲಿ ಪೂರ್ತಿ ಫೈಟ್ ವಿಡಿಯೊ ಮಾಡಿಡಿ. ಸರಿತಾ ದೇವಿ ನೋವು ನಮಗೆಲ್ಲ ಅರ್ಥ ಆಗುತ್ತದೆ. ಅವರ ಜಾಗದಲ್ಲಿ ಇದ್ದಿದ್ದರೆ ನಾವೂ ಅತ್ತೇ ಅಳುತ್ತಿದ್ದೆವು. ಆದರೆ ಒಂದು ವರ್ಷ ರಿಂಗಿನಿಂದ ದೂರ ಇರಬೇಕಾದ್ದು ಅವರೇ. ತಪ್ಪು ತೀರ್ಪು ಕೊಟ್ಟವರಲ್ಲ.

ಊರಿನವರು ಏನು ಮಾಡಬಹುದು?

ಗೆದ್ದು ಬಂದಮೇಲೆ ಹಾರ ಹಾಕಿ ಫ್ಲೆಕ್ಸ್ ಕಟ್ಟುವವರು ಬಹಳ ಜನ ಸಿಗುತ್ತಾರೆ. ಹೋಗುವಾಗ ಕೋಚ್‌ಗೂ ಸೇರಿಸಿ ಎರಡು ರೈಲು ಟಿಕೆಟ್ ಮಾಡಿಸಿಕೊಡುವವರು ಬೇಕು. ಮೂಲೆಯಲ್ಲಿ ಸ್ವಂತ ಕೋಚ್ ಇಲ್ಲದೆ, ಅಲ್ಲಿಯೇ ಸಿಕ್ಕ ಯಾರನ್ನೋ ನಿಲ್ಲಿಸಿಕೊಂಡು ಆಡುವ ಮಕ್ಕಳು ಇದ್ದಾರೆ. ಒಂದು ನಿಮಿಷದ ಬಿಡುವಿನಲ್ಲಿ ನೀರು ಕೊಡುವವರಿಗೆ ಆ ಮಗುವಿನ ಹೆಸರೂ ಗೊತ್ತಿರುವುದಿಲ್ಲ. ಸ್ಲೀಪರ್ ಟಿಕೆಟ್ ಸಾಕು, ಹೋಗುವ ದಿನಕ್ಕೆ ಎರಡು ತಿಂಗಳು ಮುಂಚೆ ಬುಕ್ ಮಾಡಿದರೆ ಸೀಟೂ ಖಾತ್ರಿ.